ಹಾಲುಹಲ್ಲಲ್ಲ

ಸೋಂಕೋಲ್ ಸರೋವರದ ದಂಡೆಯಲ್ಲಿ
ಬೇಸಿಗೆ ಮೂರು ತಿಂಗಳು ನಾನೇ ವೈದ್ಯೆ.
ಅಂದರೆ ಅರ್ಧ ವೈದ್ಯೆ: ಒಂದು ತಗಡಿನ ಪೆಟ್ಟಿಗೆ,
ಒಂದು ಥರ್ಮಾಮೀಟರ್, ಬಾಯಿಮಾತು.

ಹೆಣ್ಣುಕುದುರೆ ತಲೆ ಕೊಡವಿತು, ಅಷ್ಟೇ.
ಆಯ್‌ಝಿರೆಕ್ ಹುಲ್ಲಿನ ಮೇಲೆ ಕೂತಿದ್ದಳು,
ಬಾಯಿಗೆ ಅಂಗೈ ಅಡ್ಡ,
ಬೆರಳ ಸಂದಿಯಿಂದ ರಕ್ತ ಇಳಿದು ಮೊಣಕೈವರೆಗೆ.
ಹನ್ನೊಂದು ವರ್ಷ. ಮುಂದಿನ ಹಲ್ಲು.
ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಕೂಗಿದರು.

ಹಲ್ಲು ಹುಡುಕಿ, ಅಂದೆ.
ಏಳು ಜನ ಮಂಡಿಯೂರಿ ಹುಲ್ಲು ಸರಿಸಿದರು
ಹೇನು ನೋಡುವ ಹಾಗೆ.
ಸಿಕ್ಕಿದ್ದು ತಮ್ಮನಿಗೆ, ಲದ್ದಿಯ ಪಕ್ಕ.
ಅಂಗಿಗೆ ಒರೆಸಲು ಹೊರಟವನ ಕೈ ತಡೆದೆ:
ಬೇರು ಮುಟ್ಟಬೇಡ, ಉಜ್ಜಬೇಡ,
ಸೊಪ್ಪು ಹಿಡಿದು ಮೂಲಂಗಿ ಎತ್ತುವ ಹಾಗೆ ಹಿಡಿ.
ಬೇರಿಗಂಟಿದ ಆ ತೆಳು ತೊಗಲು ಇನ್ನೂ ಜೀವಂತ.

ಅದರ ಕುಳಿಯಲ್ಲೇ ಕೂರಿಸಲು ನೋಡಿದೆ.
ಅವಳ ಗದ್ದ ನಡುಗಿತು.
ನಿಜ ಹೇಳಬೇಕೆಂದರೆ ನನ್ನ ಕೈಯೂ.
ಹಾಲು ತನ್ನಿ, ಅಂದೆ.
ಅಜ್ಜಿ ಕುಮಿಸ್ ತಂದಳು, ಮೂರು ದಿನ ಹುಳಿತದ್ದು;
ಅವಳ ಲೆಕ್ಕದಲ್ಲಿ ಅದು ಎಲ್ಲಕ್ಕೂ ಮದ್ದು.
ಇದಲ್ಲ ತಾಯಿ, ಈಗ ಕರೆದದ್ದು.
ಅದೇ ಕುದುರೆಯ ಕೆಚ್ಚಲಿಗೆ ಕೈ ಹಾಕಿದಳು, ಬೈಯುತ್ತಾ.
ಬಟ್ಟಲಲ್ಲಿ ಹಾಲು, ಹಾಲಲ್ಲಿ ಮುಳುಗಿದ ಹಲ್ಲು.
ಹಾಲುಹಲ್ಲಾಗಿದ್ದರೆ ಇಷ್ಟೆಲ್ಲ ಇಲ್ಲ,
ಮಗುವನ್ನು ಮುದ್ದಿಸಿದರೆ ಮುಗಿಯಿತು.
ಹಾಲುಹಲ್ಲಲ್ಲದ್ದಕ್ಕೇ ಹಾಲು ಬೇಕು.

ನರಿನ್‌ಗೆ ಎರಡೂವರೆ ತಾಸು.
ಇದ್ದದ್ದು ಮೇದೆತ್‌ನ ಹಳೇ ನಿವಾ ಕಾರು ಒಂದೇ.
ಆಗ ಕಂಡ ಶಾಮ್ಶಿ, ಗುಡಾರದ ನೆರಳಲ್ಲಿ,
ಕತ್ತಿಗೆ ಚೌಕ ಸುತ್ತಿ,
ಚೌಕದ ಅಂಚು ಜೊಲ್ಲಿಗೆ ಒದ್ದೆ.
ನಾಲ್ಕು ದಿನದ ದವಡೆಹಲ್ಲು. ನನಗೆ ಗೊತ್ತಿತ್ತು.
ಲವಂಗ ಕೊಟ್ಟಿದ್ದೆ, ಮಾತ್ರೆ ಕೊಟ್ಟಿದ್ದೆ,
ಹಲ್ಲು ಕಚ್ಚಿ ತಡೆದುಕೋ ಅಂದು ನಕ್ಕಿದ್ದೆ,
ಹಲ್ಲುನೋವಿನವನಿಗೆ.
"ನೋವು ರಾತ್ರಿಯೇ ಹೋಯಿತು," ಅಂದ,
ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ದನಿಯಲ್ಲಿ.
"ಮಗು ಮೊದಲು ಹೋಗಲಿ."

ಚೌಕ ಬಿಚ್ಚಿದೆ.
ಗದ್ದದ ಕೆಳಗೆ ಹಲಗೆಯಂತೆ ಗಟ್ಟಿ,
ಈ ಕಿವಿಯಿಂದ ಆ ಕಿವಿಗೆ.
ಮೈ ಕೆಂಡ. ಬಾಯಿ ಎರಡು ಬೆರಳಷ್ಟೂ ತೆರೆಯದು.
ನಾಲಿಗೆಯನ್ನು ಕೆಳಗಿನಿಂದ ಯಾರೋ ಎತ್ತಿ ಹಿಡಿದ ಹಾಗೆ.
ನೀರು ಕುಡಿದದ್ದು ಯಾವಾಗ?
ಸ್ವಲ್ಪ ಯೋಚಿಸಿ ಹೇಳಿದ: ನಿನ್ನೆ.

ರಕ್ತ ಕೂಗಿ ಕರೆಯುತ್ತದೆ.
ಇದು ಕರೆಯುವುದಿಲ್ಲ,
ಉಸಿರಿನ ದಾರಿಯ ಮೇಲೆ ಬಂದು ಸುಮ್ಮನೆ ಕೂರುತ್ತದೆ.

ಹೋದ ಮಾರ್ಚ್‌ನಲ್ಲಿ ಒಬ್ಬನಿಗೆ
ಬೆಳಗ್ಗೆ ನೋಡೋಣ ಅಂದಿದ್ದೆ.
ಅವನ ಹೆಸರು ನನ್ನ ದಾಖಲೆ ಪುಸ್ತಕದಲ್ಲಿದೆ.
ಇಲ್ಲಿ ಬರೆಯಲಾರೆ.

ಶಾಮ್ಶಿಯನ್ನು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿದೆ.
ಮಲಗುತ್ತೇನೆ ಅಂದ, ಬಿಡಲಿಲ್ಲ.
ಹುಡುಗಿ ಹಿಂದೆ, ಮಡಿಸಿದ ಬಟ್ಟೆ ಕಚ್ಚಿಕೊಂಡು,
ತೊಡೆಯ ಮೇಲೆ ಬಟ್ಟಲು.
ಅಜ್ಜಿ ಕಾರಿಗೆ ಅಡ್ಡ ನಿಂತಳು:
ನನ್ನ ಮೊಮ್ಮಗಳ ಬಾಯಿಗಿಂತ ಇವನ ಹುಳುಕು ದೊಡ್ಡದೇ?
ಮೇದೆತ್ ಅವಳನ್ನು ಬಳಸಿಕೊಂಡು ಹುಲ್ಲಿನ ಮೇಲೇ ಓಡಿಸಿದ.

ಘಟ್ಟದ ನೆತ್ತಿಯಲ್ಲಿ ಫೋನಿಗೆ ಎರಡು ಗೀಟು ಬಂತು.
ಕತ್ತು ಊದಿದೆ, ಉಸಿರುನಳಿಕೆ ಸಿದ್ಧವಿರಲಿ, ಅಂದೆ ಆಸ್ಪತ್ರೆಗೆ.
ಬಟ್ಟಲಲ್ಲಿ ಒಂದು ಹಲ್ಲೂ ಇದೆ, ಅಂತ ಕೊನೆಗೆ ಸೇರಿಸಿದೆ
ಹೆಚ್ಚುವರಿ ಸಾಮಾನಿನ ಹಾಗೆ.

ತಿರುವು ತಿರುವಿಗೂ ಹಾಲು ತುಳುಕಿತು.
ಆಯ್‌ಝಿರೆಕ್ ಹಾಲು ನೋಡುತ್ತಿರಲಿಲ್ಲ.
ಮುಂದಿನ ಸೀಟಿನ ಉಸಿರನ್ನು ಎಣಿಸುತ್ತಿದ್ದಳು,
ಬಟ್ಟಲಿನ ಅಂಚಿಗೆ ಬೆರಳು ತಟ್ಟುತ್ತಾ.
ನಾನು ಹೇಳಿಕೊಟ್ಟಿರಲಿಲ್ಲ.
ಎಣಿಕೆ ನಿಂತಾಗಲೆಲ್ಲ
ನನ್ನ ಕಡೆ ತಿರುಗುತ್ತಿದ್ದಳು.